ಗಾಳಿಗೆ ಕಾದ ಗಿರಣಿ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಕಾಂಗರೂ ನೋಡಿದಿರಾ ಎಂದು. ನೋಡಿದೆ, ಆದರೆ ಬಿಡಿಬಿಡಿಯಾಗಿ ನೋಡಿದೆ. ಮೊದಲು ಕಿವಿ, ಆಮೇಲೆ ಎದೆಯ ಮೇಲೆ ಮಡಿಸಿಟ್ಟುಕೊಂಡಿದ್ದ ಕೈ. ಬಾಲ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಜಿಗಿದು ಹೋಗಿತ್ತು. ನನ್ನ ಕಣ್ಣಿನಲ್ಲಿ ಆಗಲೇ ಉಳಿದಿದ್ದದ್ದು ಅಷ್ಟೇ ಜಾಗ. ಹಳೆಯ ಬಾಗಿಲಿನ ಬೀಗದ ತೂತಿನಿಂದ ಹೊರಗೆ ನೋಡಿದ ಹಾಗೆ, ನಡುವಿನದು ಸ್ಪಷ್ಟವಾಗಿ ಕಾಣುತ್ತಿತ್ತು, ಸುತ್ತಲಿನದು ಇರುತ್ತಿರಲಿಲ್ಲ. ಸಂಜೆಯಾದರೆ ನಡುವಿನದೂ ಇಲ್ಲ.

ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯರು ಕಾಣದೆ ಹೋಗಿ ಎರಡು ಮೂರು ವರ್ಷವಾಗಿತ್ತು. ಬೆಂಗಳೂರಿನ ಡಾಕ್ಟರು ಕಾಯಿಲೆಗೆ ಉದ್ದನೆಯ ಹೆಸರು ಹೇಳಿ, ನೋಡೋಣ ಎಂದಿದ್ದರು. ಸಿಡ್ನಿಯಲ್ಲಿ ನನ್ನ ಚಿಕ್ಕಮ್ಮನ ಮಗ ರಾಮು ಕಣ್ಣಿನ ಡಾಕ್ಟರ್. ನಮ್ಮ ಯಜಮಾನರು ರಿಪೋರ್ಟುಗಳನ್ನೆಲ್ಲ ಅವನಿಗೆ ಕಳಿಸಿ, ಬ್ಯಾಂಕಿನಲ್ಲಿ ರಜೆ ಹಾಕಿ, ಬೇಸಿಗೆ ರಜೆಯಲ್ಲಿ ನನ್ನನ್ನು ಹೊರಡಿಸಿದರು. ಅಲ್ಲಿ ಏನಾದರೂ ಆಪರೇಷನ್ ಇದ್ದೇ ಇರುತ್ತದೆ ಎಂದು ನಾನು ನಂಬಿದ್ದೆ. ಮಕ್ಕಳಿಲ್ಲದ ನಮಗೆ ಇಷ್ಟು ದೂರದ ಪ್ರಯಾಣ ಮಾಡಲು ಬೇರೆ ಕಾರಣ ಇರಲಿಲ್ಲ.

ಕೆಲ್ಲಿವಿಲ್

ರಾಮುವಿನ ಮನೆ ಸಿಡ್ನಿಯ ಅಂಚಿನ ಕೆಲ್ಲಿವಿಲ್‌ನಲ್ಲಿತ್ತು. ಹೊಸ ಇಟ್ಟಿಗೆಯ ಮನೆಗಳು ಒಂದರ ಪಕ್ಕ ಒಂದು ಎದ್ದು ನಿಂತಿದ್ದವು. ಅವುಗಳ ಹಿಂದೆಯೇ ಇನ್ನೂ ಕುದುರೆಗಳು ಮೇಯುವ ಬಯಲು. ಹಗಲಿನಲ್ಲಿ ಬೀದಿಯಲ್ಲಿ ಒಬ್ಬ ಮನುಷ್ಯ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿಲ್ಲವೋ, ಜನವೇ ಇಲ್ಲವೋ ಎಂದು ಇವರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕಾಯಿತು. ಜನವೇ ಇರಲಿಲ್ಲ.

ಬಂದ ಮರುದಿನವೇ ಕ್ಲಿನಿಕ್‌ಗೆ ಹೋಗುತ್ತೇವೆ ಎಂದುಕೊಂಡಿದ್ದೆ. ರಾಮು, ಮೊದಲು ಜೆಟ್‌ಲ್ಯಾಗ್ ಹೋಗಲಿ ಅಕ್ಕ ಎಂದ. ಆಮೇಲೆ ಮೆಷಿನ್ ಸರ್ವೀಸಿಗೆ ಹೋಗಿದೆ ಎಂದ. ಅಷ್ಟರಲ್ಲಿ ಇವರು ನನ್ನನ್ನು ಬೆಟ್ಟಕ್ಕೆ ಕರೆದುಕೊಂಡು ಹೋದರು, ಸಮುದ್ರಕ್ಕೆ ಕರೆದುಕೊಂಡು ಹೋದರು. ಮದುವೆಯಾದಾಗಿನಿಂದ ಮೈಸೂರು ಮೃಗಾಲಯಕ್ಕೂ ಜೊತೆಗೆ ಬರದಿದ್ದ ಮನುಷ್ಯ, ಹಾರ್ಬರ್ ಬ್ರಿಜ್ಜಿನ ಎದುರು ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿದರು. ಕೊರಳಲ್ಲಿ ನೇತಾಡುತ್ತಿದ್ದ ಕ್ಯಾಮೆರಾವನ್ನು ಮುಟ್ಟಲೂ ಇಲ್ಲ. ಫೋಟೋ ಆಮೇಲೆ, ನೀನು ಮೊದಲು ನೋಡು ಎಂದರು. ನಾನು ನೋಡಿದೆ. ಕಬ್ಬಿಣದ ಕಮಾನಿನ ಒಂದು ತುಂಡು, ಇನ್ನೊಂದು ತುಂಡು. ಅವನ್ನು ತಲೆಯಲ್ಲಿ ಜೋಡಿಸಿಕೊಳ್ಳುವುದು ನನ್ನ ಕೆಲಸ.

ಇನ್ನೇನು ನೋಡಬೇಕು ಹೇಳು ಎಂದು ದಿನವೂ ಕೇಳುತ್ತಿದ್ದರು. ಅವರ ಬಾಯಿ ಮುಚ್ಚಿಸಲು ಒಂದು ದಿನ, ಗಾಳಿಗಿರಣಿ ಎಂದೆ. ಹಾಗೆ ಹೇಳಿದ ಮೇಲೆ ನಿಜವಾಗಿಯೂ ನೋಡಬೇಕು ಅನ್ನಿಸಿತು. ಚಿತ್ರದುರ್ಗದಲ್ಲಿ ನಮ್ಮಪ್ಪ ಹಿಟ್ಟಿನ ಗಿರಣಿ ಇಟ್ಟಿದ್ದರು. ಡೀಸೆಲ್ ಸಿಗದ ದಿನಗಳಲ್ಲಿ ಬೆಲ್ಟು ಬಿಚ್ಚಿಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಎದುರಿಗೆ ಜೋಳದ ಡಬ್ಬಿಗಳ ಸಾಲು. ಮೇಲೆ ಬೆಟ್ಟದಿಂದ ಸುಯ್ಯೆಂದು ಗಾಳಿ. ಈ ಗಾಳಿ ಸುಮ್ಮನೆ ಹೋಗುತ್ತಿದೆಯಲ್ಲ, ಇದನ್ನು ಕಲ್ಲಿಗೆ ಕಟ್ಟುವ ಹಾಗಿದ್ದರೆ ಎನ್ನುತ್ತಿದ್ದರು. ಹೊರದೇಶದಲ್ಲಿ ಹಾಗೆ ಕಟ್ಟಿದ್ದಾರೆ ಎಂದು ನಾನು ಶಾಲೆಯ ಪುಸ್ತಕದ ಚಿತ್ರ ತೋರಿಸಿದರೆ ಅವರು ನಂಬಿರಲಿಲ್ಲ.

ಮಿಲ್ಲರ್ಸ್ ಪಾಯಿಂಟ್

ಸಿಡ್ನಿಯ ನಕಾಶೆಯಲ್ಲಿ ಇವರಿಗೆ ಮಿಲ್ಲರ್ಸ್ ಪಾಯಿಂಟ್ ಎಂಬ ಹೆಸರು ಸಿಕ್ಕಿತು. ಊರು ಹುಟ್ಟಿದ ಹೊಸದರಲ್ಲಿ ಜನಕ್ಕೆ ಹಿಟ್ಟು ಬೀಸಿಕೊಟ್ಟ ಗಾಳಿಗಿರಣಿಗಳು ಅಲ್ಲಿನ ದಿಬ್ಬದ ಮೇಲೆ ಇದ್ದವಂತೆ. ರೈಲು ಇಳಿದು, ಹಡಗುಕಟ್ಟೆಯ ಪಕ್ಕದ ಹಳೆಯ ಬೀದಿಗಳಲ್ಲಿ ಏರುತ್ತಾ ಹೋದೆವು. ಒಬ್ಬರ ಮನೆಗೆ ಒಬ್ಬರ ಮನೆ ಅಂಟಿಕೊಂಡಿರುವ ಕಲ್ಲಿನ ಬೀದಿಗಳು. ಎಲ್ಲಿಯೂ ರೆಕ್ಕೆ ಕಾಣಲಿಲ್ಲ. ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕಿಯೊಬ್ಬಳನ್ನು ಕೇಳಿದೆವು. ಅವಳು ನಮ್ಮಿಬ್ಬರನ್ನೂ ನೋಡಿ, ತಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅವು ಹೋದವು, ನೀವು ತಡವಾಗಿ ಬಂದಿರಿ ಎಂದಳು.

ಬೆಂಗಳೂರಿನ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಅದೇ ಜಾಗದಲ್ಲಿ ಮೊದಲಿದ್ದ ಧರ್ಮಾಂಬುಧಿ ಕೆರೆ ಎಲ್ಲಿ ಎಂದು ಯಾರಾದರೂ ಕೇಳಿದರೆ ನಾವು ಕೊಡುವ ಉತ್ತರವೂ ಅದೇ. ನನಗೆ ನಗು ಬಂತು. ಇವರಿಗೆ ಬರಲಿಲ್ಲ. ಅವಮಾನವಾದವರ ಹಾಗೆ ಮುಖ ಮಾಡಿಕೊಂಡು ಬೇಗ ಬೇಗ ಇಳಿಯತೊಡಗಿದರು. ಅವರ ಹಿಂದೆ ಇಳಿಯುತ್ತಿದ್ದ ನನಗೆ ಒಂದು ಮೆಟ್ಟಿಲು ಕಾಣಲಿಲ್ಲ. ಬಿದ್ದೆ. ಮೊಣಕಾಲು ಸುಲಿದು ಸೀರೆಗೆ ರಕ್ತ ಹತ್ತಿತು.

ಎದುರಿನಿಂದ ಬಂದ ಎತ್ತರದ ಗಂಡಸೊಬ್ಬ ಬಗ್ಗಿ, "ಯು ರೈಟ್?" ಎಂದ. ನೀನು ಸರಿಯೋ ಎಂದು ಕೇಳುತ್ತಿದ್ದಾನೆ, ಬಿದ್ದವಳದೇ ತಪ್ಪು ಎನ್ನುತ್ತಿದ್ದಾನೆ ಎಂದು ನನಗೆ ಸಿಟ್ಟು ಬಂತು. ತಪ್ಪು ನಿಮ್ಮ ಮೆಟ್ಟಿಲಿನದು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆತ ಒಪ್ಪಿಕೊಂಡು, ಕರವಸ್ತ್ರ ಕೊಟ್ಟು, ಮೆಟ್ಟಿಲಿನ ಪರವಾಗಿ ಸಾರಿ ಹೇಳಿ ಹೋದ. ಈ ಊರಿನವರು ಹುಷಾರಾಗಿದ್ದೀಯಾ ಎಂದು ಕೇಳುವ ರೀತಿಯೇ ಅದು ಎಂದು ರಾತ್ರಿ ಊಟಕ್ಕೆ ಕೂತಾಗ ರಾಮು ತಿಳಿಸಿದ. ಅವನ ಹೆಂಡತಿ, ಮಗಳು ಎಲ್ಲರೂ ನಕ್ಕರು. ಇವರು ಮಾತ್ರ ತಟ್ಟೆ ನೋಡುತ್ತಾ ಕೂತಿದ್ದರು.

ರಾಮುವಿನ ಕ್ಲಿನಿಕ್

ಕೊನೆಗೂ ಪರೀಕ್ಷೆಯ ದಿನ ಬಂತು. ಕತ್ತಲೆ ಕೋಣೆ. ಬೋಗುಣಿಯಂಥ ಬಿಳಿಯ ಯಂತ್ರದೊಳಗೆ ಮುಖವಿಟ್ಟು, ಗದ್ದವನ್ನು ಪಟ್ಟಿಯ ಮೇಲೆ ಊರಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡ ಕೂಡಲೇ ಕೈಯಲ್ಲಿರುವ ಗುಂಡಿ ಒತ್ತಬೇಕು.

ನಾನು ಕಾದೆ. ಬೆಳಕು ಬರಲಿಲ್ಲ. ಆದರೆ ಪ್ರತಿ ಬೆಳಕಿಗೂ ಮುಂಚೆ ಯಂತ್ರ ಒಳಗೆಲ್ಲೋ ಟಿಕ್ ಎನ್ನುತ್ತದೆ ಎಂಬುದು ತಿಳಿಯಿತು. ಟಿಕ್ ಎಂದಾಗಲೆಲ್ಲ ಒತ್ತಿದೆ. ಪರೀಕ್ಷೆಯಲ್ಲಿ ಕಾಪಿ ಮಾಡುವ ಹುಡುಗಿಯರನ್ನು ಇಪ್ಪತ್ತು ವರ್ಷ ಹಿಡಿದವಳು ನಾನು.

ಸ್ವಲ್ಪ ಹೊತ್ತು ಬಿಟ್ಟು ರಾಮು ನನ್ನ ಹೆಗಲು ಮುಟ್ಟಿದ. "ಅಕ್ಕ, ಸೌಂಡಿಗೆ ಒತ್ತಬೇಡ. ಲೈಟಿಗೆ ಒತ್ತು."

ಮತ್ತೆ ಮೊದಲಿನಿಂದ ಶುರು ಮಾಡಿದ. ಈ ಸಲ ಗುಂಡಿ ಹೆಚ್ಚುಕಡಿಮೆ ಸುಮ್ಮನೇ ಇತ್ತು.

ಅವನು ಕೋಣೆಯ ದೀಪ ಹಾಕಿ, ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಸುತ್ತುಬಳಸದೆ ಹೇಳಿದ. ಇದಕ್ಕೆ ಆಪರೇಷನ್ ಇಲ್ಲ, ಔಷಧಿ ಇಲ್ಲ, ಇಲ್ಲಿಯೂ ಇಲ್ಲ, ಅಮೆರಿಕದಲ್ಲಿಯೂ ಇಲ್ಲ. ಉಳಿದಿರುವ ನೋಟ ಇನ್ನು ಒಂದೆರಡು ವರ್ಷ ಇರಬಹುದು, ಕಡಿಮೆಯೂ ಆಗಬಹುದು. ನಾನು ಒಂದೇ ಪ್ರಶ್ನೆ ಕೇಳಿದೆ, ಜೂನ್‌ನಲ್ಲಿ ಕಾಲೇಜು ಶುರುವಾದ ಮೇಲೆ ಬೋರ್ಡಿನ ಮೇಲೆ ಬರೆಯಬಹುದೇ ಎಂದು. ಬರೀಬಹುದು ಅಕ್ಕ, ಬರೆದದ್ದನ್ನ ಓದೋದು ಕಷ್ಟ ಆಗುತ್ತೆ ಎಂದ. ಬಾಗಿಲ ಬಳಿ ನಿಂತಿದ್ದ ಇವರು ಬೇರೆ ಡಾಕ್ಟರಿಗೆ ತೋರಿಸೋಣ ಎನ್ನಲಿಲ್ಲ, ಏನನ್ನೂ ಕೇಳಲಿಲ್ಲ. ದುಃಖಕ್ಕೆ ಮಾತು ಕಟ್ಟಿದೆ ಎಂದುಕೊಂಡೆ.

ಆ ದಿನ ಮನೆಗೆ ಬರುವ ದಾರಿಯಲ್ಲಿ ರಾಮು ಹಾಲಿನ ಅಂಗಡಿಯಲ್ಲಿ ಕಾರು ನಿಲ್ಲಿಸಿದ. ಮೊಸರು, ಬ್ರೆಡ್ಡು, ಕೊತ್ತಂಬರಿ ಸೊಪ್ಪು ಕೊಂಡೆವು. ಜನ ಇಂಥ ದಿನವೂ ಕೊತ್ತಂಬರಿ ಸೊಪ್ಪು ಕೊಳ್ಳುತ್ತಾರೆ ಎಂಬುದು ನನಗೆ ಆವರೆಗೆ ತಿಳಿದಿರಲಿಲ್ಲ.

ಕ್ರಾನ್‌ಬರ್ನ್

ನಾನು ಮೈಸೂರಿಗೆ ವಾಪಸು ಹೋಗೋಣ ಎಂದೆ. ಇವರು ಮೆಲ್ಬರ್ನ್ ಟಿಕೆಟ್ ಆಗಿದೆ ಎಂದು ಹಟ ಹಿಡಿದರು. ಮೆಲ್ಬರ್ನ್‌ನಲ್ಲಿ ಐರಿನ್ ಇದ್ದಳು. ನಮ್ಮ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದ ಮಂಗಳೂರಿನವಳು, ಗಂಡನ ಜೊತೆ ಬಂದು ಈಗ ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಮನೆ ಕ್ರಾನ್‌ಬರ್ನ್‌ನಲ್ಲಿ. ಅವಳ ಮನೆಯಲ್ಲಿ ಇಡೀ ದಿನ ಕೊಂಕಣಿ, ಕನ್ನಡ, ಇಂಗ್ಲಿಷ್ ಮೂರೂ ಒಟ್ಟಿಗೆ ಕುದಿಯುತ್ತಿದ್ದವು. ವಿಷಯ ಹೇಳಿದಾಗ ಅವಳು ಸಮಾಧಾನದ ಮಾತು ಆಡಲಿಲ್ಲ. ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂತು, "ಎಂಥ ಮಾಡುದು ಮಾರಾಯ್ರೆ" ಎಂದು ನನ್ನ ಕೈ ಹಿಡಿದುಕೊಂಡಳು. ಅಳು ಬಂದದ್ದು ಅಲ್ಲಿಯೇ.

ಮರುದಿನ ಬೆಳಿಗ್ಗೆ ಕಾರಿನಲ್ಲಿ ಹೊರಟಾಗ ನನ್ನ ಕಣ್ಣಿನ ತೂತಿನೊಳಕ್ಕೆ ಮೊದಲ ಗಾಳಿಯಂತ್ರ ತಾನಾಗಿ ಬಂದು ನಿಂತಿತು. ತರಕಾರಿ ತೋಟಗಳ ಆಚೆ, ಹುಲ್ಲಿನ ಬಯಲಿನ ನಡುವೆ, ಕಬ್ಬಿಣದ ಕಾಲುಗಳ ಮೇಲೆ ತಗಡಿನ ಚಕ್ರ. ಇದು ಹಿಟ್ಟು ಬೀಸುವುದಲ್ಲ, ನೀರೆತ್ತುವುದು. ಚಕ್ರ ತಿರುಗಿದರೆ ಕೊಳವೆಯೊಳಗಿನ ಸರಳು ಮೇಲೆ ಕೆಳಗೆ ಆಡಿ, ನೆಲದಡಿಯ ನೀರು ದನಗಳ ತೊಟ್ಟಿಗೆ ಬೀಳುತ್ತದೆ. ಹಿಂದಿನ ಬಾಲ ಗಾಳಿ ಬಂದ ಕಡೆಗೆ ಮುಖ ತಿರುಗಿಸುತ್ತದೆ. ಕರೆಂಟಿಲ್ಲ, ಕಾಯುವವರಿಲ್ಲ. ಈ ದೇಶದ ಒಳನಾಡಿನಲ್ಲಿ ದನ ಕುರಿ ಬದುಕಿದ್ದೇ ಇವುಗಳಿಂದ ಎಂದು ಐರಿನ್ ಹೇಳಿದಳು. ಅವತ್ತು ಚಕ್ರ ಅಲುಗುತ್ತಿರಲಿಲ್ಲ. ಬಾಲ ಎತ್ತಲೋ ನೋಡುತ್ತಿತ್ತು. ಮುಂದಿನ ಬಯಲಿನದೂ ಹಾಗೆಯೇ ನಿಂತಿತ್ತು.

"ಗಾಳಿಯೇ ಇಲ್ಲ ಅಲ್ಲವಾ ಇವತ್ತು" ಎಂದಳು ಐರಿನ್. ಇವರು ಕಿಟಕಿ ಇಳಿಸಿ ಕೈ ಹೊರಗೆ ಚಾಚಿ ನೋಡಿದರು.

ವಿಲ್ಮಾಳ ಗಿರಣಿ

ಇವರು ಕೇಳಿದ್ದಕ್ಕೆ ಐರಿನ್ ವಿಚಾರಿಸಿಟ್ಟಿದ್ದ ಗಿರಣಿ ಅಲ್ಲಿಂದ ಒಂದು ಗಂಟೆ ಆಚೆ, ಒಂದು ದಿಬ್ಬದ ಮೇಲಿತ್ತು. ಹಳೆಯ ಕಾಲದಲ್ಲಿ ಚಿನ್ನ ಅಗೆಯಲು ಬಂದವರಿಗೆ ಗೋಧಿ ಬೀಸಿದ ಕಲ್ಲಿನ ಗೋಪುರ. ಉಗಿ ಎಂಜಿನ್ ಬಂದ ಮೇಲೆ ಪಾಳು ಬಿದ್ದಿತ್ತಂತೆ. ಹಾಲೆಂಡಿನಿಂದ ವಲಸೆ ಬಂದ ಬಡಗಿಯೊಬ್ಬ ಜಮೀನು ಕೊಂಡು, ವರ್ಷಗಟ್ಟಲೆ ಕೂತು, ರೆಕ್ಕೆ, ಹಲ್ಲಿನ ಚಕ್ರ ಎಲ್ಲವನ್ನೂ ಮರದಲ್ಲಿ ಮತ್ತೆ ಮಾಡಿದ್ದ. ಅವನು ತೀರಿಕೊಂಡಿದ್ದ. ಅವನ ಹೆಂಡತಿ ವಿಲ್ಮಾ, ಎಪ್ಪತ್ತರ ಆಸುಪಾಸಿನ ಹೆಂಗಸು, ಬಂದವರಿಗೆ ಗಿರಣಿ ತೋರಿಸಿ, ಹಿಟ್ಟು ಮಾರುತ್ತಿದ್ದಳು.

ಅವಳು ನಮ್ಮನ್ನು ಕಂಡ ಕೂಡಲೇ ಹೇಳಿದ್ದು, ಇವತ್ತು ಆಗುವುದಿಲ್ಲ ಎಂದು. ಎಲೆಯೂ ಅಲುಗುತ್ತಿಲ್ಲ ನೋಡಿ.

ಇವರು ಕಾಯುತ್ತೇವೆ ಎಂದರು. ಕಾದೆವು. ಹೊತ್ತು ಹೋಗಲೆಂದು ವಿಲ್ಮಾ ಒಂದೊಂದನ್ನೇ ತೋರಿಸಿದಳು. ನನ್ನ ಕಣ್ಣಿನ ವಿಷಯ ತಿಳಿದ ಮೇಲೆ ತೋರಿಸುವುದನ್ನು ಬಿಟ್ಟು ಮುಟ್ಟಿಸತೊಡಗಿದಳು. ರೆಕ್ಕೆ ಎಂದರೆ ಹಲಗೆಯಲ್ಲ, ಏಣಿಯಂಥ ಮರದ ಚೌಕಟ್ಟು. ಅದರ ಮೇಲೆ ಗಿರಣಿಯವನು ಹತ್ತಿ, ಹಾಯಿಬಟ್ಟೆ ಬಿಡಿಸಿ ಕಟ್ಟಬೇಕು. ಗಾಳಿ ಕಡಿಮೆಯಿದ್ದರೆ ಪೂರ್ತಿ ಬಟ್ಟೆ, ಜೋರಾದರೆ ಅರ್ಧ. ಗಾಳಿ ದಿಕ್ಕು ಬದಲಿಸಿದರೆ ಗೋಪುರದ ಟೋಪಿಯನ್ನೇ ಸರಪಳಿ ಎಳೆದು ತಿರುಗಿಸಬೇಕು. ಒಳಗೆ ಎರಡು ಕಲ್ಲು, ಕೆಳಗಿನದು ಕದಲದು, ಮೇಲಿನದು ತಿರುಗುತ್ತದೆ. ನಡುವಿನ ಸಂದು ಕಾಗದದಷ್ಟು. ಕಾಳಿನ ಡಬ್ಬಿಯೊಳಗೆ ಒಂದು ಪಟ್ಟಿ, ಅದಕ್ಕೆ ಕಟ್ಟಿದ ಗಂಟೆ. ಕಾಳು ಮುಗಿಯುತ್ತಾ ಬಂದರೆ ಪಟ್ಟಿ ಸಡಿಲವಾಗಿ ಗಂಟೆ ಬಾರಿಸುತ್ತದೆ. ಬರಿಗಲ್ಲುಗಳು ಉಜ್ಜಿದರೆ ಕಿಡಿ ಹಾರಿ, ಹಿಟ್ಟಿನ ಧೂಳಿಗೆ ಬೆಂಕಿ ಹತ್ತಿ ಗಿರಣಿಯೇ ಹೋಗುತ್ತದೆ. ಕಲ್ಲಿನ ಮೇಲೆ ಉಳಿಯಿಂದ ಕೊರೆದ ಗೆರೆಗಳನ್ನು ಬೆರಳಿನಿಂದ ಸವರಿದೆ. ಅಪ್ಪನ ಗಿರಣಿಯ ಕಲ್ಲಿನಲ್ಲಿಯೂ ಇಂಥದೇ ಗೆರೆಗಳಿದ್ದವು.

ರೆಕ್ಕೆಗಳು ನೇರವಾಗಿ ನಿಲ್ಲದೆ ಸ್ವಲ್ಪ ವಾರೆಯಾಗಿ ನಿಂತಿವೆಯಲ್ಲ ಎಂದು ಇವರು ಕೇಳಿದರು. ಅದು ಹಾಲೆಂಡಿನ ತಮ್ಮೂರಿನ ಪದ್ಧತಿ ಎಂದಳು ವಿಲ್ಮಾ. ಮದುವೆ, ಹೆರಿಗೆ ಇದ್ದರೆ ರೆಕ್ಕೆ ಸುತ್ತಿನ ಮೇಲಿನ ತುದಿಗೆ ಬರುವ ಮೊದಲೇ ನಿಲ್ಲಿಸುತ್ತಾರೆ. ಸಾವಿದ್ದರೆ ತುದಿ ದಾಟಿದ ಮೇಲೆ. ದೂರದ ಹೊಲದವರಿಗೂ ಸುದ್ದಿ ತಿಳಿಯುತ್ತದೆ. ಗಂಡ ಹೋದ ದಿನ ಹೀಗೆ ನಿಲ್ಲಿಸಿದೆ, ಬೇರೆ ಥರ ನಿಲ್ಲಿಸಲು ಕಾರಣ ಸಿಕ್ಕಿಲ್ಲ ಎಂದಳು. ಈ ವರ್ಷದ ಮೇಲೆ ಓಡಿಸುವುದೂ ಇಲ್ಲವಂತೆ. ರೆಕ್ಕೆ ಹತ್ತಲು ಮೊಣಕಾಲು ಬಿಡುವುದಿಲ್ಲ, ಕಲಿಯಲು ಯಾರೂ ಬಂದಿಲ್ಲ.

ಸಂಜೆಯವರೆಗೂ ಗಾಳಿ ಬರಲಿಲ್ಲ. ವಾಪಸು ಹೊರಟೆವು.

ಮರುದಿನ

ನಾಳೆ ಮಧ್ಯಾಹ್ನದ ಮೇಲೆ ಚೇಂಜ್ ಬರುತ್ತದಂತೆ ಎಂದು ಐರಿನ್ ರೇಡಿಯೋ ಕೇಳಿ ಹೇಳಿದಳು. ದಕ್ಷಿಣದ ಸಮುದ್ರದಿಂದ ಇದ್ದಕ್ಕಿದ್ದಂತೆ ಬೀಸುವ ತಣ್ಣನೆಯ ಗಾಳಿಯನ್ನು ಮೆಲ್ಬರ್ನ್‌ನವರು ಹಾಗೆ ಕರೆಯುತ್ತಾರೆ. ನಮ್ಮಲ್ಲಿ ಮಳೆ ಬಂತಾ ಎಂದು ಕೇಳುವ ಹಾಗೆ ಅಲ್ಲಿ ಚೇಂಜ್ ಬಂತಾ ಎಂದು ಕೇಳುತ್ತಾರೆ. ಐರಿನ್ ಕೆಲಸಕ್ಕೆ ರಜೆ ಹಾಕಿ ಮತ್ತೆ ಕರೆದುಕೊಂಡು ಹೋದಳು.

ಮಧ್ಯಾಹ್ನ ಕಳೆಯಿತು. ಗಾಳಿ ಇಲ್ಲ. ನಾನು ಏಣಿ ಹತ್ತಿ ಕಲ್ಲಿನ ಅಟ್ಟದಲ್ಲಿ ಕೂತಿದ್ದೆ. ಕೆಳಗೆ ಬಾಗಿಲ ಹೊರಗೆ ಇವರು ವಿಲ್ಮಾಳ ಜೊತೆ ವಾದ ಮಾಡುತ್ತಿದ್ದರು. ಟ್ರಾಕ್ಟರಿನಿಂದಲೋ, ಮೋಟಾರಿನಿಂದಲೋ ಒಂದು ಸಲ ತಿರುಗಿಸಲು ಬರುವುದಿಲ್ಲವೇ ಎಂದು ಕೇಳುತ್ತಿದ್ದರು. ಇಲ್ಲ, ಮುಂದಿನ ತಿಂಗಳು ಬನ್ನಿ, ಆಗ ಗಾಳಿ ಚೆನ್ನಾಗಿರುತ್ತದೆ ಎಂದಳು ಆಕೆ. ಇವರ ದನಿ ಏರಿತು. ಇವಳಿಗೆ ತೋರಿಸುವುದಕ್ಕೆಂದೇ ಈ ದೇಶಕ್ಕೆ ಬಂದದ್ದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇದಕ್ಕೆ ಚಿಕಿತ್ಸೆ ಇಲ್ಲವೆಂದು ಹೊರಡುವ ಮೊದಲೇ ಡಾಕ್ಟರು ತಿಳಿಸಿದ್ದರು, ಇವಳಿಗೆ ಗೊತ್ತಿರಲಿಲ್ಲ ಎಂದರು.

ನಾನು ಏಣಿ ಇಳಿದು ಬಂದೆ. ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ಹುಡುಕಬೇಕಾಯಿತು. ವಿಲ್ಮಾ ಹಗ್ಗ ನೋಡಬೇಕೆಂದು ಆಚೆ ಹೋದಳು.

"ಯಾವಾಗ ಗೊತ್ತಾಯ್ತು?" ಎಂದೆ.

"ಸಂಕ್ರಾಂತಿ ಹೊತ್ತಿಗೆ. ರಾಮು ಫೋನಲ್ಲಿ ಹೇಳಿದ."

"ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ದಿದ್ರೆ ನೀನು ಬರ್ತಿದ್ಯಾ?"

"ಇಲ್ಲ."

"ಅದಕ್ಕೇ."

ಸಂಕ್ರಾಂತಿಯಿಂದ ಏಪ್ರಿಲ್‌ವರೆಗೆ ನಾನು ದಿನಾ ದೇವರಿಗೆ ದೀಪ ಹಚ್ಚಿ ಆಪರೇಷನ್ ಸರಿಯಾಗಿ ಆಗಲಿ ಎಂದು ಬೇಡಿಕೊಂಡಿದ್ದೆ. ಇವರು ಹಿಂದೆ ನಿಂತು ಕೈ ಮುಗಿದಿದ್ದರು. ಕ್ಲಿನಿಕ್ಕಿನ ಬಾಗಿಲಲ್ಲಿ ಇವರು ಮಾತಾಡದೆ ನಿಂತದ್ದು ಏಕೆಂದು ಈಗ ತಿಳಿಯಿತು. ಬೆಟ್ಟ, ಸಮುದ್ರ, ಸೇತುವೆ, ಎಲ್ಲದರ ಎದುರೂ ನನ್ನನ್ನು ನಿಲ್ಲಿಸಿದ್ದು ಕೊನೆಯ ಸಲ ಎಂದು. ಅದು ನನ್ನೊಬ್ಬಳಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಬೇರೆ ಥರ ನೋಡುತ್ತಿದ್ದೆನೇನೋ. ನೋಡದೆಯೇ ಇರುತ್ತಿದ್ದೆನೇನೋ. ಅದನ್ನು ತೀರ್ಮಾನಿಸುವ ಹಕ್ಕು ನನ್ನದಾಗಿತ್ತು. ಇಷ್ಟನ್ನೂ ಹೇಳಬೇಕೆಂದುಕೊಂಡೆ. ಗೋಪುರದ ಆಚೆ ಪಕ್ಕಕ್ಕೆ ಹೋಗಿ ಹುಲ್ಲಿನ ಮೇಲೆ ಕೂತೆ. ಅವರು ಹಿಂದೆ ಬರಲಿಲ್ಲ.

ಹೊತ್ತು ಇಳಿಯುವಾಗ ಚೇಂಜ್ ಬಂತು. ಮೊದಲು ಕೆಳಗಿನ ಮರಗಳಲ್ಲಿ ಸದ್ದು, ಆಮೇಲೆ ಬೆನ್ನಿಗೆ ತಣ್ಣನೆಯ ಪೆಟ್ಟು. ಐರಿನ್ ಓಡಿ ಬಂದು ನನ್ನನ್ನು ಎಬ್ಬಿಸಿದಳು. ಎಲ್ಲರೂ ಸೇರಿ ಸರಪಳಿ ಎಳೆದು ಟೋಪಿ ತಿರುಗಿಸಿದರು. ಇವರು, ಬ್ಯಾಂಕಿನ ಕುರ್ಚಿ ಬಿಟ್ಟು ಏಳದ ಮನುಷ್ಯ, ಬೂಟು ಬಿಚ್ಚಿ ರೆಕ್ಕೆ ಹತ್ತಿ ವಿಲ್ಮಾ ಹೇಳಿದ ಹಾಗೆ ಬಟ್ಟೆ ಕಟ್ಟಿದರು. ಎರಡು ರೆಕ್ಕೆಗಳಿಗೆ ಮಾತ್ರ ಸಾಧ್ಯವಾಯಿತು. ಅಷ್ಟು ಸಾಕು ಎಂದು ವಿಲ್ಮಾ ಬ್ರೇಕಿನ ಹಗ್ಗ ಸಡಿಲಿಸಿದಳು.

ನಾನು ತಲೆ ಎತ್ತಿ ನೋಡಿದೆ. ಬೂದು ಆಕಾಶದ ಒಂದು ತುಂಡು. ಅದನ್ನು ಅಡ್ಡ ಹಾಯ್ದು ಒಂದು ರೆಕ್ಕೆ ಹೋಯಿತು. ಮತ್ತೆ ಆಕಾಶ. ಮತ್ತೊಂದು ರೆಕ್ಕೆ. ಬರುವುದು ಕಾಣದು, ಹೋಗುವುದು ಕಾಣದು, ದಾಟುವಾಗ ಮಾತ್ರ ಕಾಣುವುದು. ನಾಲ್ಕೈದು ಸುತ್ತು ಹೀಗೆ ನೋಡಿರಬೇಕು. ಅಷ್ಟರಲ್ಲಿ ಬೆಳಕು ಇಳಿದು, ನನ್ನ ತೂತು ಮುಚ್ಚಿಕೊಂಡಿತು. ರೆಕ್ಕೆಗಳ ಹೊಡೆತ ಮಾತ್ರ ನೆತ್ತಿಯ ಮೇಲೆ ಬೀಸುತ್ತಿತ್ತು. ಉಳಿದವರಿಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು ಎಂದು ಅವರ ದನಿಗಳಿಂದ ತಿಳಿಯುತ್ತಿತ್ತು.

ವಿಲ್ಮಾ ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಗೋಪುರವೇ ನಡುಗುತ್ತಿತ್ತು. ಮರದ ಹಲ್ಲುಗಳ ಗುಡುಗುಡು, ಕಲ್ಲಿನ ಉಸಿರು. ಹಿಟ್ಟು ಬೀಳುವ ಕಡೆ ನನ್ನ ಕೈ ಇಟ್ಟಳು. ಬಿಸಿಯಾಗಿತ್ತು. ಹೆಬ್ಬೆರಳಿಂದ ತಿಕ್ಕಿ ನೋಡು, ತರಿ ಸಿಕ್ಕಿದರೆ ಕಲ್ಲು ಇಳಿಸಬೇಕು ಎಂದಳು. ತಿಕ್ಕಿದೆ. ತರಿ ಇತ್ತು, ಹೇಳಿದೆ. ಅವಳು ಏನನ್ನೋ ತಿರುಗಿಸಿದಳು. ಈಗ ನಯವಾಗಿತ್ತು. ಗಾಳಿಯನ್ನು ಕಲ್ಲಿಗೆ ಕಟ್ಟಿದ್ದರು, ಅಪ್ಪ ನಂಬಿರಲಿಲ್ಲ. ಅದನ್ನು ಹೇಳಲು ಅವರಿಲ್ಲ, ನೋಡಿದೆ ಎನ್ನಲು ನನಗೂ ಆಗಲಿಲ್ಲ. ಮೊಣಕೈವರೆಗೆ ಹಿಟ್ಟಾಗಿ ಕತ್ತಲೆಯಲ್ಲಿ ಕೂತು ಅತ್ತೆ. ಗಿರಣಿಯ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ.

ಬ್ರೇಕು ಹಾಕಿ ನಿಲ್ಲಿಸುವುದೇ ಓಡಿಸುವುದಕ್ಕಿಂತ ಕಷ್ಟವಂತೆ. ಚಕ್ರ ಕಿರುಚಿ, ಸುಟ್ಟ ಮರದ ವಾಸನೆ ಬಂದು, ಕೊನೆಗೆ ಎಲ್ಲ ನಿಂತಿತು. ವಿಲ್ಮಾ ಒಂದು ಬಟ್ಟೆಯ ಚೀಲದಲ್ಲಿ ಹಿಟ್ಟು ಕಟ್ಟಿಕೊಟ್ಟು ಒಳಗೆ ಹೋದಳು.

ಕಾರಿನಲ್ಲಿ ಐರಿನ್ ಮುಂದೆ, ನಾವಿಬ್ಬರು ಹಿಂದೆ. ಇವರ ಕೈ ಹಗ್ಗಕ್ಕೆ ಉಜ್ಜಿ ಸುಲಿದಿತ್ತು. ಅವರು ಅದನ್ನು ಊದಿಕೊಳ್ಳುತ್ತಿದ್ದದ್ದು ನನಗೆ ಕೇಳುತ್ತಿತ್ತು. ನಾಳೆ ಪೆಂಗ್ವಿನ್ ನೋಡಲು ಸಮುದ್ರಕ್ಕೆ ಹೋಗುವುದಾ ಎಂದು ಐರಿನ್ ಕೇಳಿದಳು. ಬೇಡ ಎಂದೆ. ಇವರು ಒತ್ತಾಯ ಮಾಡಲಿಲ್ಲ. ಕಾರು ಎಲ್ಲೋ ತಿರುಗಿತು, ನಿಧಾನವಾಯಿತು, ಮತ್ತೆ ಓಡಿತು. ನನಗೆ ಎಲ್ಲ ಕಡೆಯೂ ಒಂದೇ ಕಪ್ಪು. ಆ ಕಪ್ಪಿನೊಳಗೆ ಕೂತು ಕ್ರಾನ್‌ಬರ್ನ್‌ವರೆಗೂ ಸುಮ್ಮನಿರುವುದು ನನ್ನಿಂದಾಗಲಿಲ್ಲ.

"ರೀ, ಹೊರಗೆ ಏನಿದೆ?" ಎಂದೆ.

"ಏನಿಲ್ಲ. ಬೇಲಿ" ಎಂದರು. ಆಮೇಲೆ, "ಬೇಲಿ ಆಚೆ ಒಂದು ಮನೆ. ಅಡುಗೆಮನೇಲಿ ಲೈಟು ಉರೀತಿದೆ. ಯಾರೋ ಪಾತ್ರೆ ತೊಳೀತಿದ್ದಾರೆ" ಎಂದರು.

"ಗಂಡಸೋ ಹೆಂಗಸೋ?"

"ನೋಡಲಿಲ್ಲ. ಹೋಗಿಬಿಡ್ತು. ಮುಂದಿಂದು ಸರಿಯಾಗಿ ನೋಡಿ ಹೇಳ್ತೀನಿ" ಎಂದು ಕಿಟಕಿಯ ಕಡೆಗೆ ಸರಿದು ಕೂತರು.